ಆಂಟೆನಾಗೆ ಹಿಡಿದ ಕಿಲುಬು

ನಾನು ರಿಪೇರಿ ಮಾಡಿಕೊಟ್ಟ ವಸ್ತುವನ್ನು ಯಾರಾದರೂ ಸರಿಯಿಲ್ಲ ಎಂದರೆ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ನನ್ನ ಹೆಂಡತಿ ಇದನ್ನು ಮದುವೆಯಾದ ಹೊಸದರಲ್ಲೇ ಕಂಡುಹಿಡಿದಳು. ನಾನು ಸರಿ ಮಾಡಿದ ಮಿಕ್ಸಿ ಮತ್ತೆ ನಿಂತರೆ ಅವಳು ಬಾಯಿ ಬಿಡುವುದಿಲ್ಲ, ಸುಮ್ಮನೆ ಒರಳಿನಲ್ಲಿ ರುಬ್ಬಿಕೊಳ್ಳುತ್ತಾಳೆ. ಊರಿನವರು ತಮಾಷೆ ಮಾಡಿಕೊಂಡು ಸಹಿಸಿದ್ದಾರೆ. ಆದರೆ ಈ ಸಿಟ್ಟಿನಿಂದ, ಅದರ ಜೊತೆಗೇ ಓಡುವ ನನ್ನ ಬಾಯಿಯಿಂದ, ಒಬ್ಬ ಹಿರಿಯರು ಮೂವತ್ತು ವರ್ಷ ಮಾಡಿಕೊಂಡು ಬಂದ ಕೆಲಸ ಕಳೆದುಕೊಂಡರು. ಅದನ್ನು ಬರೆದಿಡಬೇಕು ಅನ್ನಿಸಿ ಬಹಳ ದಿನವಾಯಿತು. ಬರೆಯಲು ಕೂತಾಗಲೆಲ್ಲ ಏನಾದರೂ ಬೇರೆ ಕೆಲಸ ನೆನಪಾಗುತ್ತಿತ್ತು.

ನನ್ನ ಅಂಗಡಿ ಇರುವುದು ದೊಡ್ಡಬಳ್ಳಾಪುರದ ಬಸ್ ನಿಲ್ದಾಣದ ಹತ್ತಿರ. ರೇಡಿಯೋ ರಿಪೇರಿಯಿಂದ ಶುರುಮಾಡಿದವನು, ಆಮೇಲೆ ಟಿವಿ, ಡಿಶ್, ಈಗ ಕ್ಯಾಮೆರಾ ಕೂರಿಸುವುದು ಎಲ್ಲವನ್ನೂ ಮಾಡುತ್ತೇನೆ. ಹಳೆಯ ಪೇಟೆಯ ಕೆಳಬೀದಿಯಲ್ಲಿ ಮಸೀದಿಯೊಂದಿದೆ. ಅದರ ಸುತ್ತ ಸಾಬರ ಮನೆಗಳೂ ಮಗ್ಗದ ಮನೆಗಳೂ ಒಂದಕ್ಕೊಂದು ಅಂಟಿಕೊಂಡಿವೆ. ಕರೆಂಟ್ ಮಗ್ಗ ಓಡುತ್ತಿದ್ದರೆ ಪಕ್ಕದಲ್ಲಿ ನಿಂತು ಕೂಗಿದವರ ಮಾತೂ ಕೇಳುವುದಿಲ್ಲ. ಧ್ವನಿವರ್ಧಕದ ಸದ್ದು ಇಳಿಸಬೇಕೆಂದು ನಿಯಮ ಬಂದಮೇಲೆ ಮಸೀದಿಯ ಬಾಂಗ್ ಆ ಸದ್ದಿನಲ್ಲಿ ಮುಳುಗಿಹೋಯಿತು. ನಮಾಜಿನ ಹೊತ್ತಿಗೆ ಕರೆಯುವ ಆಜಾನನ್ನು ನಮ್ಮ ಕಡೆ ಬಾಂಗ್ ಎಂದೇ ಹೇಳುವುದು.

ಆಗ ಜಮಾತಿನ ಕಮಿಟಿಯವರು ಒಂದು ಉಪಾಯ ಮಾಡಿದರು. ಮಸೀದಿಯ ಮೈಕಿಗೆ ಒಂದು ಸಣ್ಣ ಪ್ರಸಾರದ ಪೆಟ್ಟಿಗೆ ಜೋಡಿಸಿದರು. ಮನೆ ಮನೆಗೆ ಅದನ್ನು ಹಿಡಿಯುವ ಅಂಗೈಯಗಲದ ರೇಡಿಯೋ ಕೊಟ್ಟರು. ಅದಕ್ಕೆ ಒಂದೇ ಸ್ಟೇಷನ್ನು, ತಿರುಗಿಸಲು ಗುಂಡಿಯಿಲ್ಲ. ಬಾಂಗ್ ಆದಾಗ ತಾನೇ ಮಾತಾಡುತ್ತದೆ, ಯಾರಾದರೂ ತೀರಿಕೊಂಡರೆ ಮಣ್ಣು ಎಷ್ಟು ಹೊತ್ತಿಗೆ ಎಂದು ಹೇಳುತ್ತದೆ, ಮಿಕ್ಕ ಹೊತ್ತು ಸುಮ್ಮನಿರುತ್ತದೆ. ಜನ ಅದನ್ನು ಬಾಂಗಿನ ಡಬ್ಬಿ ಅಂದರು. ಮಸೀದಿಗೆ ಹೋಗದ ಹೆಂಗಸರಿಗೆ, ಹಾಸಿಗೆ ಹಿಡಿದವರಿಗೆ, ಮಗ್ಗದ ಮುಂದೆ ಕೂತವರಿಗೆ ಆ ಡಬ್ಬಿಯೇ ಮಸೀದಿ.

ಆ ಡಬ್ಬಿಯಲ್ಲಿ ಬರುತ್ತಿದ್ದುದು ಮೌಜನ್ ಸಾಬರ ದನಿ. ಬಾಂಗ್ ಕೊಡುವವರನ್ನು ಹಾಗೆ ಕರೆಯುತ್ತಾರೆ. ಇವರಿಗೆ ಎಪ್ಪತ್ತರ ಹತ್ತಿರ. ತೆಳ್ಳಗೆ ಎತ್ತರದ ಆಳು, ಮಾತು ಕಡಿಮೆ. ಆದರೆ ದನಿ ಎತ್ತಿದರೆ ತುಂಬಿದ ಕೊಡದ ಹಾಗೆ, ಎಲ್ಲೂ ತುಳುಕುತ್ತಿರಲಿಲ್ಲ. ನಮಾಜಿಗೆ ಬನ್ನಿ ಎಂದು ಕರೆಯುವ ಜಾಗದಲ್ಲಿ ಅದು ಮೇಲೇರಿ ಒಂದು ಗಳಿಗೆ ನಿಂತು ನಿಧಾನವಾಗಿ ಇಳಿಯುತ್ತಿತ್ತು. ನನಗೆ ಆ ಭಾಷೆ ಬರುವುದಿಲ್ಲ, ಆದರೆ ಅದು ನಿಲ್ಲುವ ಆ ಒಂದು ಗಳಿಗೆಗಾಗಿ ಕೆಳಬೀದಿಯಲ್ಲಿ ಗಾಡಿ ನಿಲ್ಲಿಸಿದ್ದುಂಟು.

ಡಬ್ಬಿಗಳೇನೋ ಬಂದವು, ಆದರೆ ಮಸೀದಿಗೂ ಮನೆಗಳಿಗೂ ನಡುವೆ ಮೂರಂತಸ್ತಿನ ಕಟ್ಟಡಗಳು ಎದ್ದಿದ್ದರಿಂದ ಕೆಳಬೀದಿಯಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಕಮಿಟಿಯ ಕಾರ್ಯದರ್ಶಿ ನನ್ನ ಹಳೆಯ ಗಿರಾಕಿ. ಅವರು ಬಂದು ಹೇಳಿದಾಗ ನಾನು ಅರವತ್ತು ಮನೆಗಳ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿಕೊಟ್ಟೆ. ಆಳೆತ್ತರದ ಪ್ಲಾಸ್ಟಿಕ್ ಪೈಪು, ಅದರ ತುದಿಗೆ ಒಂದು ಮಾರುದ್ದಕ್ಕಿಂತ ಚಿಕ್ಕದಾದ ಹಿತ್ತಾಳೆ ಕಡ್ಡಿ, ಕಡ್ಡಿಯ ಬುಡಕ್ಕೆ ಬೆಸುಗೆ ಹಾಕಿದ ತಾಮ್ರದ ವೈರು. ಮೊದಲ ಸಲ ಬೆಸುಗೆಯ ಮೇಲೆ ಬರೀ ಕಪ್ಪು ಟೇಪು ಸುತ್ತಿದ್ದೆ. ಬಿಸಿಲಿಗೆ ಟೇಪಿನ ಅಂಟು ಕರಗಿತು, ಮುಂಗಾರು ಶುರುವಾಗುವ ಮೊದಲೇ ಎರಡು ಮಳೆಗೆ ನೀರು ಇಳಿದು ನಾಲ್ಕಾರು ಮನೆಯಲ್ಲಿ ಡಬ್ಬಿ ಗೊರಗೊರ ಅಂದಿತು.

ನನಗೆ ಅವಮಾನವಾಯಿತು. ನನಗೆ ಕೆಲಸ ಕಲಿಸಿದವರು ಇಂಥ ಕಡೆ ಮೇಣ ಸವರಿ, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಬಿಗಿಯಾಗಿ ಸುತ್ತುತ್ತಿದ್ದರು. ಅದು ನೋಡಲು ಗಾಯಕ್ಕೆ ಕಟ್ಟಿದ ಬಟ್ಟೆಯ ಹಾಗೆ ಕಾಣುತ್ತದೆ. ನನಗೆ ಅಚ್ಚುಕಟ್ಟು ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಬಚ್ಚಲುಮನೆಯ ಸಂದಿಗೆ ತುಂಬುವ ಸಿಲಿಕಾನ್ ಸಿಗುತ್ತದಲ್ಲ, ಅದರ ಟ್ಯೂಬುಗಳನ್ನು ತಂದೆ. ಅರವತ್ತೂ ಆಂಟೆನಾಗಳ ಟೇಪು ಬಿಚ್ಚಿ, ಒರೆಸಿ, ಬೆಸುಗೆಯ ಮೇಲೆ ದಪ್ಪಗೆ ತುಂಬಿ, ಸೋಪುನೀರಿನ ಬೆರಳಿಂದ ಸವರಿದೆ. ಅದರಿಂದ ಹುಣಸೆರಸದಂಥ ಹುಳಿ ವಾಸನೆ ಬರುತ್ತಿತ್ತು. ಒಣಗಿದ ಮೇಲೆ ಹೋಗುತ್ತದೆ ಅಂದುಕೊಂಡೆ, ಹೋಯಿತು ಕೂಡ. ಒಂದು ಹನಿ ನೀರು ಒಳಗೆ ಹೋಗಲು ದಾರಿಯಿರಲಿಲ್ಲ. ಮುಗಿದ ದಿನ ಕಾರ್ಯದರ್ಶಿಗೆ, "ಇನ್ನು ಹತ್ತು ವರ್ಷ ಆ ಕಡೆ ತಿರುಗಿ ನೋಡ್ಬೇಡಿ" ಅಂದೆ.

ಆ ವರ್ಷದ ಮಳೆಗಾಲ ಸೊಗಸಾಗಿ ಕಳೆಯಿತು. ಮಾರನೆಯ ವರ್ಷ ಮುಂಗಾರು ಹಿಡಿದಾಗ ಕೆಳಬೀದಿಯಲ್ಲಿ ಒಂದು ಮಾತು ಹುಟ್ಟಿತು. ಮೌಜನ್ ಸಾಬರ ಗಂಟಲು ಒಡೆದಿದೆ. ಮೊದಮೊದಲು ಚೆನ್ನಾಗಿ ಬರುವ ದನಿ, ಮೇಲೇರುವ ಜಾಗಕ್ಕೆ ಬಂದಾಗ ಹರಿದ ಬಟ್ಟೆಯ ಹಾಗೆ ಪರಪರ ಅನ್ನುತ್ತಿತ್ತಂತೆ. ಹೆಂಗಸರು ಮೊದಲು ಹೇಳಿದರು, ಆಮೇಲೆ ಗಂಡಸರು. ಬಾಂಗ್ ಕೇಳಿದ ಮೇಲೆಯೇ ಜನ ಮನೆಯಿಂದಲೋ ಅಂಗಡಿಯಿಂದಲೋ ಹೊರಟು ಮಸೀದಿಗೆ ಬರುವುದು. ಬಾಂಗ್ ಕೊಡುವ ಹೊತ್ತಿಗೆ ಅವರ ಎದುರಿಗೆ ನಿಂತು ಕೇಳಿದವರು ಇಬ್ಬರೋ ಮೂವರೋ. ಇಡೀ ಬೀದಿ ಅವರನ್ನು ಕೇಳಿದ್ದು ಡಬ್ಬಿಯಲ್ಲಿ.

ಕಾರ್ಯದರ್ಶಿ ಅಂಗಡಿಗೆ ಬಂದು, "ಒಂದ್ಸಲ ಆಂಟೆನಾ ನೋಡ್ಬಿಡಿ ಗುರು" ಅಂದರು. ನನಗೆ ಒಳಗೇ ಕುದಿಯಿತು. ಆದರೂ ಹೋಗಿ ಐದಾರು ಮನೆಯ ಮಾಳಿಗೆ ಹತ್ತಿದೆ. ಕಡ್ಡಿ ಅಲ್ಲಾಡಿಸಿ ನೋಡಿದೆ, ಗಟ್ಟಿಯಾಗಿತ್ತು. ಸಿಲಿಕಾನ್ ಮೊದಲ ದಿನದಷ್ಟೇ ನುಣ್ಣಗೆ, ಬೆಳ್ಳಗೆ ಕೂತಿತ್ತು. ಕೊಯ್ದು ಒಳಗೆ ನೋಡಬೇಕಿತ್ತು. ಅಷ್ಟು ಚೆಂದ ಮಾಡಿದ ಕೆಲಸವನ್ನು ನನ್ನ ಕೈಯಾರೆ ಕೊಯ್ಯಲು ಮನಸ್ಸು ಬರಲಿಲ್ಲ.

ಅವತ್ತು ಸಂಜೆ ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ಕಾರ್ಯದರ್ಶಿ ಕೇಳಿದ್ದಕ್ಕೆ ನಾನು, "ಆಂಟೆನಾ ಕಲ್ಲುಗುಂಡಿನಂಗೆ ಇದೆ ಕಣ್ರೀ. ಸರ್ವೀಸ್ ಆಗ್ಬೇಕಾಗಿರೋದು ಮೌಜನ್ ಸಾಬ್ರ ಗಂಟಲಿಗೆ" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ಎರಡು ದಿನದೊಳಗೆ ಆ ಮಾತು ಊರು ಸುತ್ತಿ ಬಂತು. ರಿಪೇರಿಯವನೇ ಹೇಳಿದ ಮೇಲೆ ಇನ್ನೇನು ಅನುಮಾನ ಎಂದು ಎಲ್ಲರಿಗೂ ಅನ್ನಿಸಿರಬೇಕು.

ವಾರ ಕಳೆದು ಒಬ್ಬ ವಯಸ್ಸಾದ ಹೆಂಗಸು ಅಂಗಡಿಗೆ ಬಂದರು. ಬುರ್ಖಾದ ಅಂಚು ಕೆಸರಾಗಿತ್ತು, ನಡೆದೇ ಬಂದಿದ್ದರು. ಮೌಜನ್ ಸಾಬರ ಹೆಂಡತಿ ಎಂದು ಅವರೇ ಹೇಳಿಕೊಂಡರು.

"ಮನೇಲಿ ಓದುವಾಗ ಅವರ ಗಂಟಲು ಚೆನ್ನಾಗೇ ಇರ್ತದೆ ಕಣಪ್ಪಾ. ಆ ಡಬ್ಬಿಯೊಳಗೆ ಮಾತ್ರ ಒಡೀತದೆ. ಇನ್ನೊಂದ್ಸಲ ನೋಡ್ತೀಯಾ?"

"ನೋಡಿ ಆಯ್ತಮ್ಮಾ. ಆಂಟೆನಾಗೆ ಏನೂ ಆಗಿಲ್ಲ."

"ನಲವತ್ತೈದು ವರ್ಷದಿಂದ ಆ ದನಿ ಕೇಳ್ತಿದ್ದೀನಿ. ನನಗೆ ಗೊತ್ತಾಗಲ್ವಾ?"

ನಾನು ಕೈಯಲ್ಲಿದ್ದ ಬೆಸುಗೆ ಕಡ್ಡಿಯಿಂದ ಕಣ್ಣೆತ್ತಲಿಲ್ಲ. "ನಿಮಗೆ ಪ್ರೀತಿ ಇರುತ್ತೆ, ಅದಕ್ಕೇ ಚೆನ್ನಾಗಿ ಕೇಳಿಸ್ತದೆ" ಅಂದೆ. ಅವರು ಬಂದ ಹಾಗೆಯೇ ನಡೆದು ಹೋದರು. ಅವತ್ತು ಅವರ ಜೊತೆ ಹೋಗಿ ಮಸೀದಿಯ ಬಾಗಿಲಲ್ಲಿ ನಿಂತು ಒಂದೇ ಒಂದು ಬಾಂಗ್ ಕೇಳಿದ್ದರೆ ಸಾಕಿತ್ತು. ಕಾಲ್ನಡಿಗೆಯಲ್ಲಿ ಹತ್ತು ನಿಮಿಷದ ದಾರಿ.

ಮಳೆಗಾಲ ಮುಗಿಯುವಷ್ಟರಲ್ಲಿ ಕಮಿಟಿ ತೀರ್ಮಾನ ಮಾಡಿತು. ಮರ್ಯಾದೆಯಿಂದಲೇ ಮಾಡಿದರು. ಶುಕ್ರವಾರದ ನಮಾಜಾದ ಮೇಲೆ ಮೌಜನ್ ಸಾಬರಿಗೆ ಶಾಲು ಹೊದಿಸಿ, ವಯಸ್ಸಾಯಿತು, ವಿಶ್ರಾಂತಿ ತಗೊಳ್ಳಿ ಅಂದರು. ಬೇರೆ ಊರಿನಿಂದ ಒಬ್ಬರನ್ನು ಹೆಂಡತಿ ಮಕ್ಕಳ ಸಮೇತ ಕರೆಸಿ ಮಸೀದಿಯ ಹಿಂದಿನ ಮನೆಯಲ್ಲಿ ಇರಿಸಿದರು. ಹೊಸಬರು ಬಂದಾಗ ಮಳೆ ನಿಂತು ಚಳಿಗಾಲ ಹಿಡಿದಿತ್ತು. ಡಬ್ಬಿಗಳಲ್ಲಿ ದನಿ ಸ್ವಚ್ಛವಾಗಿ ಬಂತು. ಪ್ರಾಯದ ಗಂಟಲು ಅಂದರೆ ಹೀಗಿರಬೇಕು ಎಂದು ಜನ ಕೊಂಡಾಡಿದರು. ನಾನು ಅಂಗಡಿಯಲ್ಲಿ ಕೂತು, ನಾನು ಹೇಳಿರಲಿಲ್ವಾ ಎಂದು ಬೀಗಿದೆ.

ಆ ಚಳಿಗಾಲದಲ್ಲಿ ಎರಡು ಸಲ ನಾನು ಮೌಜನ್ ಸಾಬರನ್ನು ದಾರಿಯಲ್ಲಿ ಕಂಡೆ. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದರು. "ಏನ್ ಸಾಬ್ರೇ, ಆರಾಮಾ?" ಅಂದರೆ ಕೈಯೆತ್ತಿ ಎದೆಗೆ ಮುಟ್ಟಿಸಿದರೇ ಹೊರತು ಮಾತಾಡಲಿಲ್ಲ. ಗಂಟಲು ಕಾಪಾಡಿಕೊಳ್ಳಲು ಪಿಸುಮಾತಲ್ಲೇ ಇರುತ್ತಾರೆ, ಉಪ್ಪುನೀರು ಮುಕ್ಕಳಿಸುತ್ತಾರೆ, ಡಾಕ್ಟರು ಏನೂ ಇಲ್ಲ ಅಂದರೂ ನಂಬಲಿಲ್ಲ ಎಂದು ಯಾರೋ ಹೇಳಿದರು. ಪಾಪ ಅನ್ನಿಸಿತು. ಅಷ್ಟೇ ಅನ್ನಿಸಿತು.

ಮತ್ತೆ ಮುಂಗಾರು ಬಂತು. ಎರಡನೆಯ ದೊಡ್ಡ ಮಳೆ ಬಿದ್ದ ಮಾರನೆಯ ದಿನ ಕಾರ್ಯದರ್ಶಿ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತರು.

"ಹೊಸಬರ ಗಂಟಲೂ ಒಡೀತಿದೆ" ಅಂದರು. "ಅದೇ ಜಾಗದಲ್ಲಿ. ಇಬ್ಬರ ಗಂಟಲೂ ಒಂದೇ ಜಾಗದಲ್ಲಿ ಹೆಂಗೆ ಒಡೀತದೆ ಗುರು?"

ಅಂಗಡಿಗೆ ಬೀಗ ಹಾಕಿ ಅವರ ಗಾಡಿಯ ಹಿಂದೆಯೇ ಹೋದೆ. ಕೆಳಬೀದಿಯ ಮೊದಲ ಮನೆಯ ಮಾಳಿಗೆ ಹತ್ತಿ, ಬ್ಲೇಡಿನಿಂದ ಸಿಲಿಕಾನನ್ನು ಉದ್ದಕ್ಕೆ ಕೊಯ್ದೆ. ಮೇಲೆ ಅದು ಮಲ್ಲಿಗೆಯಷ್ಟು ಬೆಳ್ಳಗಿತ್ತು. ಒಳಗೆ ಹಸಿರು. ಬೆಸುಗೆಯ ಸುತ್ತ, ಕಡ್ಡಿಯ ಬುಡದಲ್ಲಿ, ವೈರಿನ ಒಂದೊಂದು ಎಳೆಗೂ ಕಿಲುಬು ಹಿಡಿದಿತ್ತು. ಬೆರಳಿನಿಂದ ಮುಟ್ಟಿದರೆ ತಾಮ್ರದ ಎಳೆಗಳು ಪುಡಿಪುಡಿಯಾಗಿ ಅಂಗೈಗೆ ಉದುರಿದವು. ಕಿಲುಬು ಹಿಡಿದ ಲೋಹದಿಂದ ಸಿಲಿಕಾನ್ ಬಿಟ್ಟುಕೊಂಡಿತ್ತು, ಆ ಸಂದಿಯಿಂದ ಮಳೆನೀರು ಇಳಿದು ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಕೂತಿತ್ತು. ಬೇಸಗೆಯಲ್ಲಿ ಒಣಗಿದಾಗ ತಂತಿ ಹೇಗೋ ಕೆಲಸ ಮಾಡುತ್ತಿತ್ತು. ಮಳೆ ಬಂದರೆ ಡಬ್ಬಿಗೆ ದನಿಯ ಹಿಡಿತ ಸಿಗುತ್ತಿರಲಿಲ್ಲ. ದನಿ ಎಲ್ಲಿ ಜೋರಾಗಿ ಮೇಲೇರುತ್ತದೋ ಅಲ್ಲೇ ಹರಿಯುತ್ತಿತ್ತು.

ಅಂಗಡಿಗೆ ಬಂದು ಮಿಕ್ಕಿದ್ದ ಒಂದು ಹಳೆಯ ಟ್ಯೂಬಿನ ಹಿಂಭಾಗವನ್ನು ಭೂತಗನ್ನಡಿ ಹಿಡಿದು ಓದಿದೆ. ತಾಮ್ರ, ಹಿತ್ತಾಳೆಯ ಮೇಲೆ ಬಳಸಬಾರದು ಎಂದು ಇರುವೆಯಂಥ ಅಕ್ಷರದಲ್ಲಿ ಬರೆದಿತ್ತು. ಅದನ್ನು ಓದುವ ಅಗತ್ಯವೂ ಇರಲಿಲ್ಲ. ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ಬೆಳಗುವುದನ್ನು ಹುಟ್ಟಿದಾಗಿನಿಂದ ಕಂಡವನು ನಾನು. ಹುಳಿಯನ್ನು ತೊಳೆಯದೆ ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಿಲುಬು ಕಟ್ಟುತ್ತದೆ ಎಂದು ನಮ್ಮ ಮನೆಯ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಹುಳಿ ವಾಸನೆ ನನ್ನ ಮೂಗಿಗೇ ಹೊಡೆದಿತ್ತು. ಅರವತ್ತು ಮನೆಯ ಹಿತ್ತಾಳೆಗೆ ನಾನೇ ಹುಳಿ ಬಳಿದು, ತೊಳೆಯಲು ಆಗದಂತೆ ಮೇಲೆ ಮುಚ್ಚಳ ಹಾಕಿ ಬಂದಿದ್ದೆ.

ಮಾರನೆಯ ದಿನ ಮೌಜನ್ ಸಾಬರ ಮನೆಗೆ ಹೋದೆ. ಒಂದು ಕೋಣೆ, ಒಂದು ಅಡಿಗೆಮನೆ. ಗೂಡಿನಲ್ಲಿ ಬಾಂಗಿನ ಡಬ್ಬಿ ಇತ್ತು, ಅದರ ಮೇಲೆ ಕಸೂತಿ ಹಾಕಿದ ಪುಟ್ಟ ಬಟ್ಟೆ ಹೊದಿಸಿದ್ದರು. ಅವರು ಚಾಪೆಯ ಮೇಲೆ ಕೂತಿದ್ದರು. ನಿಂತುಕೊಂಡೇ ಹೇಳಿಬಿಟ್ಟೆ.

"ಸಾಬ್ರೇ, ನಿಮ್ಮ ಗಂಟಲಿಗೆ ಏನೂ ಆಗಿರ್ಲಿಲ್ಲ. ನಾನು ಬಳಿದಿದ್ದು ತಂತೀನ ತಿಂದ್ಬಿಟ್ಟಿತ್ತು. ತಪ್ಪು ನಂದು. ಬಾಯಿಗೆ ಬಂದಂಗೆ ಮಾತಾಡಿದ್ದೂ ನಾನೇ."

ಅವರು ಪಿಸುದನಿಯಲ್ಲಿ, "ಎಲ್ರೂ ಒಡೀತಿದೆ ಅಂದ್ರಲ್ಲಪ್ಪಾ?" ಅಂದರು.

"ಡಬ್ಬೀಲಿ ಒಡೀತಿತ್ತು. ನಿಮ್ಮಲ್ಲಿ ಅಲ್ಲ."

"ನಾನು ಮೈಕಿನ ಮುಂದೆ ನಿಂತವನು. ನನ್ನ ಬಾಂಗ್ ಆಚೆ ಹೆಂಗೆ ಕೇಳಿಸ್ತದೆ ಅಂತ ನನಗೆ ಹೆಂಗೆ ಗೊತ್ತಾಗ್ಬೇಕು? ಜನ ಹೇಳಿದ್ದು ನಂಬಿದೆ. ಆಮೇಲಾಮೇಲೆ ನನಗೂ ಒಡೆದಂಗೇ ಕೇಳಿಸೋಕೆ ಶುರುವಾಯ್ತು."

ಅಡಿಗೆಮನೆಯ ಬಾಗಿಲಲ್ಲಿ ಅವರ ಹೆಂಡತಿ ನಿಂತಿದ್ದರು. "ಇವರಿಗೂ ಹೇಳಿದ್ದೆ, ನಿನಗೂ ಹೇಳಿದ್ದೆ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಕಣ್ಣೀರು ಬಂತು, ಅದನ್ನು ಮುಚ್ಚಿಡಲೂ ಆಗಲಿಲ್ಲ.

"ಎಲ್ಲರ ಮನೇದೂ ಸರಿ ಮಾಡಿದ್ಯಾ?" ಎಂದು ಕೇಳಿದರು ಮೌಜನ್ ಸಾಬರು.

"ಇನ್ನೂ ಇಲ್ಲ. ಇವತ್ತು ಶುರು ಮಾಡ್ತೀನಿ."

"ಮೊದಲು ಅದು ಮಾಡು ಹೋಗು. ಮಳೆ ಬರ್ತದೆ."

ಮಳೆ ಬಿಡುವು ಕೊಟ್ಟಾಗಲೆಲ್ಲ ಮಾಳಿಗೆ ಹತ್ತಿದೆ. ಒಂದೊಂದು ವೈರನ್ನೂ ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿದೆ. ಕಡ್ಡಿಯ ಬುಡ ಉಜ್ಜಿ ಹೊಸದಾಗಿ ಬೆಸುಗೆ ಹಾಕಿದೆ. ಮೇಣ ಸವರಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಒಂದರ ಮೇಲೊಂದು ಬರುವಂತೆ ಎಳೆದು ಸುತ್ತಿದೆ. ವೈರು ಕೆಳಗಿಳಿಯುವ ಮೊದಲು ಒಂದು ಜೋಲು ಬಿಟ್ಟೆ, ಹನಿ ಅಲ್ಲೇ ತೊಟ್ಟಿಕ್ಕಿ ಬಿದ್ದುಹೋಗಲಿ ಎಂದು. ಗಾಯಕ್ಕೆ ಕಟ್ಟಿದ ಬಟ್ಟೆಯಂತೆಯೇ ಕಾಣುತ್ತಿತ್ತು. ಮನೆ ಮನೆಯಲ್ಲೂ ಕೆಳಗಿಳಿದು ಬಂದು, ತಪ್ಪು ನನ್ನದು, ಸಾಬರ ಗಂಟಲಿನದಲ್ಲ ಎಂದು ಹೇಳಿಯೇ ಮುಂದಿನ ಮನೆಗೆ ಹೋದೆ. ಕೆಲವರು ಬೈದರು. ಒಬ್ಬಾಕೆ ಬಾಗಿಲು ಹಾಕಿಕೊಂಡರು.

ಕಮಿಟಿಯವರಿಗೂ ಹೇಳಿದೆ. ಕಾರ್ಯದರ್ಶಿ ತಲೆ ತಗ್ಗಿಸಿ ಕೇಳಿಸಿಕೊಂಡು, "ಹೊಸಬರನ್ನ ಸಂಸಾರ ಸಮೇತ ಕರೆಸಿದ್ದೀವಿ. ಈಗ ಹೋಗು ಅನ್ನೋಕಾಗಲ್ಲ. ಅವರು ಊರಿಗೆ ಹೋದಾಗ ಸಾಬ್ರೇ ಬಾಂಗ್ ಕೊಡ್ಲಿ. ಎಲ್ಲರೂ ಕೇಳ್ಲಿ" ಅಂದರು. ಅದಕ್ಕಿಂತ ಹೆಚ್ಚಿಗೆ ಕೇಳುವ ಮುಖ ನನಗಿರಲಿಲ್ಲ.

ತಿಂಗಳು ಕಳೆದು ಹೊಸಬರು ಮೂರು ದಿನದ ಮಟ್ಟಿಗೆ ತಮ್ಮ ಊರಿಗೆ ಹೋದರು. ಮೊದಲ ದಿನ ಸಂಜೆ ಅಸರ್ ನಮಾಜಿನ ಬಾಂಗ್ ಮೌಜನ್ ಸಾಬರದು ಎಂದು ಹೇಳಿಕಳಿಸಿದರು. ಅವರ ಹೆಂಡತಿ ನನ್ನನ್ನು ಬರಹೇಳಿದ್ದರು. ಡಬ್ಬಿ ಸರಿಯಾಗಿ ಮಾತಾಡುತ್ತದೋ ಇಲ್ಲವೋ ನೋಡಲು ಒಬ್ಬರು ಇರಲಿ ಎಂದು. ಹೋದಾಗ ಅವರು ಡಬ್ಬಿಯ ಮೇಲಿನ ಬಟ್ಟೆ ತೆಗೆದು ಒರೆಸುತ್ತಿದ್ದರು. ಸಾಬರು ಆಗಲೇ ಮಸೀದಿಗೆ ಹೋಗಿದ್ದರು, ಮಫ್ಲರ್ ಗೂಟದ ಮೇಲಿತ್ತು. ಬೀದಿಯಲ್ಲಿ ಎರಡು ಮಗ್ಗದ ಮನೆಯವರು ಮಗ್ಗ ನಿಲ್ಲಿಸಿದ್ದು ಗೊತ್ತಾಯಿತು. ಎಲ್ಲರೂ ಕಾಯುತ್ತಿದ್ದರು.

ಡಬ್ಬಿಯಲ್ಲಿ ಅವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ನನ್ನ ಕೆಲಸ ಅಷ್ಟು ಚೆನ್ನಾಗಿತ್ತು.

ಮೊದಲ ಕರೆ ನೆಟ್ಟಗೆ ಬಂತು, ಸ್ವಲ್ಪ ಸಣ್ಣಗಿತ್ತು. ಎರಡನೆಯದೂ ಬಂತು. ನಮಾಜಿಗೆ ಬನ್ನಿ ಎನ್ನುವ ಜಾಗದಲ್ಲಿ ದನಿ ಮೇಲೆ ಹೋಗಲು ನೋಡಿತು, ಅರ್ಧ ದಾರಿಯಲ್ಲಿ ಒಡೆಯಿತು. ಅವರು ನಿಲ್ಲಿಸಲಿಲ್ಲ. ಮತ್ತೆ ಎತ್ತಿದರು, ಮತ್ತೆ ಒಡೆಯಿತು, ಈ ಸಲ ಬರೀ ಗಾಳಿ ಬಂತು. ಏಳೆಂಟು ತಿಂಗಳು ಪಿಸುಮಾತಿನಲ್ಲಿ ಕಾಪಾಡಿಕೊಂಡ ಗಂಟಲು ಏರುವುದನ್ನೇ ಮರೆತಿತ್ತು. ಗೊರಗೊರ ಇಲ್ಲ, ಪರಪರ ಇಲ್ಲ. ಒಂದು ಮುದಿ ಗಂಟಲು ಎಲ್ಲೆಲ್ಲಿ ಒಡೆಯುತ್ತದೆ ಎನ್ನುವುದು ಅರವತ್ತು ಮನೆಯಲ್ಲಿ ನಿಚ್ಚಳವಾಗಿ ಕೇಳಿಸಿತು. ಅವರು ಬಾಂಗನ್ನು ಕೊನೆಯವರೆಗೂ ಮುಗಿಸಿದರು.

ಅವರ ಹೆಂಡತಿ ಡಬ್ಬಿಯ ಮೇಲಿಂದ ಕೈ ತೆಗೆಯಲಿಲ್ಲ. ನನ್ನ ಕಡೆ ತಿರುಗದೆಯೇ, "ಆಂಟೆನಾ ನೋಡಪ್ಪಾ" ಅಂದರು. "ಏನೋ ಆಗಿದೆ. ಹೋಗಿ ನೋಡು."

ನಾನು ಮಾಳಿಗೆ ಹತ್ತಿದೆ. ಕಡ್ಡಿ ನೆಟ್ಟಗಿತ್ತು. ಟ್ಯೂಬಿನ ಪಟ್ಟಿ ಬಿಗಿಯಾಗಿತ್ತು, ವೈರಿನ ಜೋಲಿನಲ್ಲಿ ತೇವವೂ ಇರಲಿಲ್ಲ. ಒಂದು ಕಡೆ ಪಟ್ಟಿ ಬಿಚ್ಚಿ ಬೆಸುಗೆ ನೋಡಿದೆ, ತಾಮ್ರ ಕೆಂಪಗೆ ಹೊಳೆಯುತ್ತಿತ್ತು. ಮತ್ತೆ ಸುತ್ತಿದೆ. ಎಷ್ಟು ಹೊತ್ತು ಅಲ್ಲಿ ನಿಂತಿದ್ದೆನೋ, ನಮಾಜು ಮುಗಿದು ಜನ ಬೀದಿಯಲ್ಲಿ ಚದುರುವುದು ಕಾಣಿಸಿತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಕೆಳಗೆ ಬಂದಾಗ ಮೌಜನ್ ಸಾಬರು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಹೆಂಡತಿ ಅವರಿಗೆ ನೀರಿನ ಲೋಟ ಕೊಟ್ಟು, "ಡಬ್ಬೀಲಿ ಸರಿಯಾಗಿ ಬರ್ಲಿಲ್ಲ. ಆಂಟೆನಾ ಮತ್ತೆ ಕೆಟ್ಟಿದೆಯಂತೆ" ಅಂದರು.

ಅವರು ನೀರು ಕುಡಿದು ಲೋಟ ಕೆಳಗಿಟ್ಟರು. ಒಡೆದದ್ದು ತಮ್ಮ ಗಂಟಲೇ ಎಂದು ಅವರಿಗೆ ಗೊತ್ತಿದೆ ಎಂಬುದು ಮುಖ ನೋಡಿದರೇ ತಿಳಿಯುತ್ತಿತ್ತು. ನನ್ನನ್ನು ನೋಡಿ, "ಹೌದೇನಪ್ಪಾ?" ಅಂದರು.

ಆಕೆ ನನ್ನ ಮುಖ ನೋಡುತ್ತಿದ್ದರು.

"ಹೌದು ಸಾಬ್ರೇ" ಅಂದೆ. "ಬೆಸುಗೆ ಬಿಟ್ಟಿತ್ತು. ಈಗ ಹಾಕಿ ಬಂದೆ."

"ಹಂಗಾದ್ರೆ ಚಾ ಕುಡ್ದು ಹೋಗು" ಅಂದರು ಅವರು. ಚಾಪೆಯ ಮೇಲೆ ಅವರ ಪಕ್ಕ ಕೂತೆ. ನಲವತ್ತು ವರ್ಷದ ಈ ಕೆಲಸದಲ್ಲಿ, ಸರಿಯಿದ್ದ ವಸ್ತುವನ್ನು ಕೆಟ್ಟಿದೆ ಎಂದು ನಾನು ಹೇಳಿದ್ದು ಅದೊಂದೇ ಸಲ.